ಆರು ಜನ ಎಂದರು, ಹನ್ನೊಂದು ಜನ ಇಳಿದರು

ಹೋಂಸ್ಟೇ ನಡೆಸುವವರನ್ನು ಮಾತಿಗೆಳೆದರೆ ಮೊದಲು ಹೊರಬೀಳುವ ದೂರು ದುಡ್ಡಿನದಲ್ಲ, ತಲೆಲೆಕ್ಕದ್ದು. ಫೋನಿನಲ್ಲಿ ‘ಆರು ಜನ ಸರ್, ಫ್ಯಾಮಿಲಿ’ ಎಂದಿರುತ್ತಾರೆ. ಸಂಜೆ ಗೇಟಿನ ಮುಂದೆ ಎರಡು ಕಾರು ನಿಂತು ಹನ್ನೊಂದು ಜನ ಇಳಿಯುತ್ತಾರೆ. ‘ಇವು ಮಕ್ಕಳು ಸರ್, ಲೆಕ್ಕಕ್ಕಿಲ್ಲ’ ಎಂಬ ಸಮಜಾಯಿಷಿ ಬೇರೆ. ಆ ಮಕ್ಕಳಲ್ಲೊಬ್ಬನಿಗೆ ಮೀಸೆ ಚಿಗುರಿರುತ್ತದೆ! ಒಳಗೆ ಆರು ಜನಕ್ಕೆ ಕಡುಬು ಬೆಂದಿದೆ, ಆರು ಜನಕ್ಕೆ ಹಾಸಿಗೆ ಹಾಸಿದೆ. ಪೇಟೆಗೆ ಹೋಗಿಬರಲು ಒಂದು ಗಂಟೆ ಬೇಕು, ಅಷ್ಟರಲ್ಲಿ ಕೋಳಿ ಅಂಗಡಿ ಬಾಗಿಲು ಹಾಕಿರುತ್ತದೆ.

ಮಲೆನಾಡು, ಕೊಡಗಿನ ಬೆಳೆಗಾರರು ಈ ಕಸುಬಿಗೆ ಇಳಿದದ್ದು ಅತಿಥಿ ಸತ್ಕಾರದ ಹಂಬಲದಿಂದಷ್ಟೇ ಅಲ್ಲ. 1990ರ ದಶಕದಲ್ಲಿ ಕಾಫಿಯ ಮಾರಾಟವು ಕಾಫಿ ಮಂಡಳಿಯ ಹಿಡಿತದಿಂದ ಬಿಡಿಸಿಕೊಂಡು ಮುಕ್ತ ಮಾರುಕಟ್ಟೆಗೆ ಬಂತು. ಮೊದಮೊದಲು ಒಳ್ಳೆಯ ಬೆಲೆ ಸಿಕ್ಕಿತು. 2000ದ ಆಸುಪಾಸಿನಲ್ಲಿ ಅದೇ ಬೆಲೆ ನೆಲ ಕಚ್ಚಿತು. ಮಕ್ಕಳು ಬೆಂಗಳೂರು ಸೇರಿದ್ದರಿಂದ ಖಾಲಿ ಬಿದ್ದಿದ್ದ ಕೋಣೆಗಳಿಗೆ ಬಣ್ಣ ಬಳಿದು, ಕಮೋಡ್ ಕೂರಿಸಿ, ಬೋರ್ಡು ಹಾಕಿದವರು ಎಷ್ಟೋ ಜನ. ಕಾಫಿ ಕೈಕೊಟ್ಟ ವರ್ಷ ಈ ಕೋಣೆಗಳೇ ಸಾಲದ ಕಂತು ಕಟ್ಟಿವೆ. ಅದನ್ನು ಅವರಾರೂ ಅಲ್ಲಗಳೆಯುವುದಿಲ್ಲ.

ಆದರೆ ಪ್ರವಾಸಿಗರಿಗೆ ಬೇಕಾದ ತಿಂಗಳುಗಳೇ ತೋಟಕ್ಕೂ ಬೇಕು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಹಣ್ಣು ಕೊಯ್ಲಿನ ಕಾಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯಬೇಕಾದ ಯಜಮಾನ ಗೀಸರ್ ರಿಪೇರಿಗೆ ನಿಂತಿರುತ್ತಾನೆ. ಕಣದಲ್ಲಿ ಒಣಗಲು ಹರಡಿದ ಕಾಫಿಯ ಮೇಲೆ ಚಪ್ಪಲಿಗಾಲಲ್ಲೇ ರೀಲ್ಸ್ ನಡೆದಿರುತ್ತದೆ. ರಾತ್ರಿ ಕ್ಯಾಂಪ್‌ಫೈರ್ ಮುಗಿಸಿ ಬಾಟಲಿಗಳನ್ನು ಗಿಡದ ಬುಡಕ್ಕೆ ಎಸೆದು ಹೋಗುತ್ತಾರೆ. ಕಳೆ ತೆಗೆಯಲು ಬಂದ ಹೆಂಗಸಿನ ಅಂಗಾಲಿಗೆ ಆ ಗಾಜು ಚುಚ್ಚುವಾಗ ಎಸೆದವರು ಎಂದೋ ಊರು ಸೇರಿರುತ್ತಾರೆ.

ಮನೆಯಾಕೆಯ ಪಾಡು ಇನ್ನೊಂದು. ಜಾಹೀರಾತಿನಲ್ಲಿ ‘ಮನೆಯೂಟ’ ಎಂದು ಬರೆಯುವವನು ಗಂಡ, ಬೆಳಗಿನ ಜಾವ ಎದ್ದು ಅಕ್ಕಿರೊಟ್ಟಿ ತಟ್ಟುವವಳು ಹೆಂಡತಿ. ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ರಾತ್ರಿ ಹನ್ನೊಂದಕ್ಕೆ ‘ಆಂಟಿ, ಆಮ್ಲೆಟ್ ಸಿಗುತ್ತಾ?’ ಎಂದು ಬಾಗಿಲು ಬಡಿಯುತ್ತಾರೆ. ಬೆಳಿಗ್ಗೆ ಹಾಸಿಗೆ ಬಟ್ಟೆಯ ಮೇಲೆ ಅರಿಸಿನದ ಕಲೆ, ಟವೆಲ್ಲಿನಲ್ಲಿ ಶೂ ಒರೆಸಿದ ಕೆಸರು. ಇದರ ಮೇಲೆ ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್‌ಗಳೆಲ್ಲ ಕಮೋಡಿಗೆ. ಹಳ್ಳಿಯಲ್ಲಿ ಒಳಚರಂಡಿ ಇಲ್ಲ, ಇರುವುದು ಹಿತ್ತಲಿನ ಗುಂಡಿ. ಅದು ಕಟ್ಟಿಕೊಂಡರೆ ವಾರಾಂತ್ಯದಲ್ಲಿ ಸರಿಪಡಿಸಲು ಯಾರೂ ಬರುವುದಿಲ್ಲ.

ಇಷ್ಟರ ಮೇಲೂ ನಗುತ್ತಿರಬೇಕು, ಏಕೆಂದರೆ ಹೋದವರು ನಕ್ಷತ್ರ ಕೊಡಬೇಕು. ಜುಲೈ ಮಳೆಯಲ್ಲಿ ಬಂದು ಬಚ್ಚಲಿನಲ್ಲಿ ಕಪ್ಪೆ ಕಂಡಿದ್ದಕ್ಕೆ, ಕಾಲಿಗೆ ಇಂಬಳ ಹತ್ತಿದ್ದಕ್ಕೆ, ಮರ ಬಿದ್ದು ಕರೆಂಟು ಹೋದದ್ದಕ್ಕೆ ಒಂದೇ ನಕ್ಷತ್ರ ಬೀಳುತ್ತದೆ. ಮಳೆಗಾಲದ ಮಲೆನಾಡು ನೋಡಲು ಬಂದವರಿಗೆ ಸಿಕ್ಕಿದ್ದು ಮಳೆಗಾಲದ ಮಲೆನಾಡೇ, ಆದರೂ ತಪ್ಪು ಮನೆಯವರದು. ಇನ್ನು ಕೆಲವರು ಕೊನೇ ಗಳಿಗೆಯಲ್ಲಿ ರದ್ದು ಮಾಡಿ, ಮುಂಗಡವನ್ನೂ ವಾಪಸು ಕೇಳಿ, ಕೊಡದಿದ್ದರೆ ‘ರಿವ್ಯೂ ಬರೀತೀನಿ’ ಎನ್ನುತ್ತಾರೆ. ಇದು ಬೆದರಿಕೆಯಲ್ಲದೆ ಮತ್ತೇನು?

ಹಾಗೆಂದು ಮಾಲೀಕರೆಲ್ಲ ಮುಗ್ಧರಲ್ಲ. ಮಾರ್ಚಿನಲ್ಲಿ ಬತ್ತುವ ಹಳ್ಳವನ್ನು ‘ನದಿ ತೀರ’ ಎಂದು ಮಾರುವವರಿದ್ದಾರೆ. ಜೀಪಿಗಿಷ್ಟು, ಬೆಂಕಿಗಿಷ್ಟು ಎಂದು ಹೊರಡುವಾಗ ಚೀಟಿ ಚಾಚುವವರೂ ಇದ್ದಾರೆ. ಎಲ್ಲಕ್ಕಿಂತ ದೊಡ್ಡ ತಾಪತ್ರಯ ತಂದಿಟ್ಟವರು ಬೆಂಗಳೂರಿನಲ್ಲೇ ಕುಳಿತು ರಜೆಮನೆಯನ್ನು ಫೋನಿನಲ್ಲಿ ಬಾಡಿಗೆಗೆ ಬಿಡುವವರು. ಅಲ್ಲಿ ಬಾಗಿಲು ತೆರೆಯುವವನು ಲೈನ್‌ಮನೆಯ ಒಬ್ಬ ಆಳು. ಕುಡಿದು ಮ್ಯೂಸಿಕ್ ಹಾಕಿ ಕುಣಿಯುವ ಇಪ್ಪತ್ತು ಜನರ ಮುಂದೆ ನಿಂತು ‘ಸದ್ದು ಕಡಿಮೆ ಮಾಡಿ’ ಎನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಪಕ್ಕದ ತೋಟದವರು ಬೈಯುವುದು ಅವನನ್ನು, ಮಾಲೀಕ ಫೋನಿನಲ್ಲಿ ಗದರುವುದೂ ಅವನನ್ನೇ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರ ಸಲ್ಲಿಸಬೇಕೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿ ಗರಿಷ್ಠ 6 ಕೋಣೆ, 12 ಹಾಸಿಗೆ ಎಂಬ ಮಿತಿಯಿದೆ; ಮಾಲೀಕರು ಕುಟುಂಬದೊಂದಿಗೆ ಅಲ್ಲೇ ವಾಸವಿರಬೇಕೆಂಬ ಷರತ್ತೂ ಇದೆ. ಬರೆದವರು ಯಾರೋ, ಕಷ್ಟ ಕಂಡವರೇ ಇರಬೇಕು. ಯಜಮಾನ ಜಗಲಿಯಲ್ಲಿ ಕುಳಿತಿದ್ದರೆ ಅರ್ಧ ರಗಳೆ ತಾನೇ ಅಡಗುತ್ತದೆ. ಅಲ್ಲಿ ಇರಲಾಗದವರು ಮನೆಗೆ ಬೀಗ ಹಾಕಿಕೊಂಡಿರುವುದೇ ಮೇಲು. ಇನ್ನು ಮುಂದಿನ ಲಾಂಗ್ ವೀಕೆಂಡಿಗೆ ಹೊರಟಿರುವವರು ದಯವಿಟ್ಟು ಎಷ್ಟು ಜನ ಬರುತ್ತೀರೆಂದು ಸರಿಯಾಗಿ ಹೇಳಿ, ಮಕ್ಕಳನ್ನೂ ಡ್ರೈವರನ್ನೂ ಸೇರಿಸಿ.