ದುಡಿಮೆಯ ಸ್ಥಳದಲ್ಲಿ ತೊಟ್ಟಿಲು

ಹೊಟ್ಟೆಯ ಪಾಡಿಗಾಗಿ ಹೊಸಿಲು ದಾಟುವ ತಾಯಿಗೆ ಕೆಲಸಕ್ಕಿಂತಲೂ ಭಾರವಾದ ಚಿಂತೆ ಒಂದುಂಟು: ಕೂಸನ್ನು ಯಾರ ಕೈಗೆ ಒಪ್ಪಿಸುವುದು? ಅಜ್ಜಿ, ಅತ್ತೆ, ಓರಗಿತ್ತಿಯರಿಂದ ತುಂಬಿದ ಮನೆಯಲ್ಲಿ ಈ ಪ್ರಶ್ನೆಯು ಅಷ್ಟಾಗಿ ಕಾಡುವುದಿಲ್ಲ. ಪಟ್ಟಣದ ಒಂಟಿ ಸಂಸಾರಕ್ಕಾದರೋ ಆ ಆಸರೆ ಎಲ್ಲಿಯದು? ಎಳೆಯ ಅಕ್ಕನು ಶಾಲೆ ಬಿಟ್ಟು ತಮ್ಮನನ್ನು ಕಂಕುಳಲ್ಲಿ ಹೊರಬೇಕು. ಇಲ್ಲವೇ ತಾಯಿಯು ಕೆಲಸವನ್ನು ಬಿಡಬೇಕು. ಯಾವುದಾದರೂ ನಷ್ಟವು ಮನೆಯದೇ. ಆದುದರಿಂದ, ದುಡಿಸಿಕೊಳ್ಳುವವರೇ ದುಡಿಮೆಯ ಸ್ಥಳದಲ್ಲಿ ಶಿಶುವಿಹಾರವನ್ನು ನಡೆಯಿಸುವ ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕಿನಲ್ಲಿ ಹತ್ತಿಯ ಗಿರಣಿಯನ್ನು ನಡೆಯಿಸುತ್ತಿದ್ದ ರಾಬರ್ಟ್ ಓವನ್ನನು 1816ರಲ್ಲಿ ತನ್ನ ಕೆಲಸಗಾರರ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದನು. ಆಗತಾನೆ ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಎಡೆಯಿದ್ದಿತು, ಹಾಡು ಕುಣಿತಗಳಿದ್ದುವು, ಹೊಡೆತ ಬೈಗುಳಗಳು ನಿಷಿದ್ಧವಾಗಿದ್ದುವು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಕೈಸರ್ ಕಂಪೆನಿಯವರು ಹಡಗು ಕಟ್ಟುವ ಅಂಗಳಗಳ ಬಾಗಿಲಲ್ಲಿಯೇ ಎರಡು ಶಿಶುಕೇಂದ್ರಗಳನ್ನು ಕಟ್ಟಿಸಿದರು. ಅವು ಹಗಲಿರುಳೂ ತೆರೆದಿರುತ್ತಿದ್ದುವು. ದಣಿದ ತಾಯಿಯು ಮಗುವಿನೊಡನೆ ಸಿದ್ಧವಾದ ಅಡಿಗೆಯನ್ನೂ ಬೆಲೆ ಕೊಟ್ಟು ಮನೆಗೆ ಒಯ್ಯಬಹುದಾಗಿದ್ದಿತು. ಆದರೆ ಯುದ್ಧವು ತೀರಿದ 1945ರಲ್ಲಿಯೇ ಅವು ಮುಚ್ಚಿಹೋದುವು. ಧಣಿಯ ಗರಜಿನಿಂದಲೇ ತೂಗುವ ತೊಟ್ಟಿಲು ಗರಜು ತೀರಿದೊಡನೆ ನಿಲ್ಲುವುದು. ಶಾಸನದ ಬೆಂಬಲ ಬೇಕೆನ್ನುವುದು ಇದರಿಂದಲೇ.

ನಮ್ಮ ದೇಶದಲ್ಲಿ ಅಂತಹ ಬೆಂಬಲವು 1948ರ ಕಾರ್ಖಾನೆಗಳ ಕಾಯಿದೆಯಿಂದ ದೊರೆಯಿತು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಗಾಳಿ ಬೆಳಕುಳ್ಳ ಶುಚಿಯಾದ ಕೊಠಡಿಯೂ ಪಳಗಿದ ದಾದಿಯರೂ ಇರತಕ್ಕದ್ದೆಂದು ಅದು ವಿಧಿಸಿತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಲಾಯಿತು. ಉದ್ದೇಶವು ಒಳ್ಳೆಯದೇ, ಆದರೆ ಲೆಕ್ಕದಲ್ಲಿ ಒಂದು ಕೊರತೆಯಿದ್ದಿತು. ಎಣಿಕೆಯು ಹೆಂಗಸರದು ಮಾತ್ರವಾದಾಗ ಶಿಶುವಿಹಾರದ ವೆಚ್ಚವೆಲ್ಲವೂ ಹೆಂಗಸಿನ ಹೆಸರಿಗೆ ಬೀಳುವುದು. ಮೂವತ್ತೊಂದನೆಯವಳನ್ನು ಸೇರಿಸಿಕೊಳ್ಳದಿರಲು ಮಾಲಿಕನಿಗೆ ಒಂದು ನೆವವು ದೊರೆಯುವುದು. ತಾಯಿಗೆ ನೆರವಾಗಬೇಕಾದ ಕಟ್ಟಳೆಯೇ ಆಕೆಯ ಅನ್ನಕ್ಕೆ ಅಡ್ಡ ಬರಬಹುದಲ್ಲವೇ?

ಈ ಕೊರತೆಯನ್ನು 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ಮಾಡಿದ ತಿದ್ದುಪಡಿಯು ಬಹುಮಟ್ಟಿಗೆ ನೀಗಿತು. ಗಂಡಸರೆನ್ನದೆ ಹೆಂಗಸರೆನ್ನದೆ 50 ಮಂದಿ ನೌಕರರಿರುವ ಸಂಸ್ಥೆಯು ಶಿಶುವಿಹಾರವನ್ನು ಒದಗಿಸಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ಅದು ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಜಾಡಿನಲ್ಲಿ ನಡೆಯಿತು. ಆದರೂ ಹೋಗಿಬರುವ ಹಕ್ಕು ತಾಯಿಗೆ ಮಾತ್ರವೆಂದೇ ಬರೆಯಲ್ಪಟ್ಟಿತು, ತಂದೆಯ ಮಾತಿಲ್ಲ. ಕೂಸು ಇಬ್ಬರದೂ ಅಹುದು. ತಂದೆಯು ದುಡಿಯುವೆಡೆಯ ತೊಟ್ಟಿಲಿಗೂ ಅದು ಹಕ್ಕುದಾರನಾಗಬೇಕೆಂಬುದು ನಮ್ಮ ಅಭಿಪ್ರಾಯ.

ಕಟ್ಟಳೆಯೊಂದರಿಂದಲೇ ಕೂಸು ನಗಲಾರದು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೆಂಗಸರೇ ಹೆಚ್ಚು. ದೂರದಿಂದ ಕಿಕ್ಕಿರಿದ ಬಸ್ಸಿನಲ್ಲಿ ಬರುವ ತಾಯಿಯು ಎಳೆಗೂಸನ್ನು ಆ ನೂಕುನುಗ್ಗಲಿನಲ್ಲಿ ತರುವುದೆಂತು? ಬಾಗಿಲಿಗೆ ಬೀಗ ಹಾಕಿದ ಶಿಶುವಿಹಾರದಿಂದ ಹೇಗೆ ಪ್ರಯೋಜನವಿಲ್ಲವೋ, ಮಗುವನ್ನು ಕರೆತರಲು ದಾರಿಯಿಲ್ಲದ ಶಿಶುವಿಹಾರದಿಂದಲೂ ಹಾಗೆಯೇ. ವಾಹನದ ಏರ್ಪಾಡನ್ನೂ ಧಣಿಗಳು ಯೋಚಿಸಬೇಕು.

ತಾಯ್ತಂದೆಯರಿಗೂ ಒಂದು ಮಾತು. ಮಗುವನ್ನು ಒಪ್ಪಿಸುವ ಮುನ್ನ ನೀವೇ ಒಳಹೊಕ್ಕು ನೋಡಿರಿ. ನೆಲ, ನೀರು, ಪಾಯಿಖಾನೆಗಳು ಶುಚಿಯೇ? ಒಬ್ಬ ದಾದಿಯ ಕೈಗೆ ಎಷ್ಟು ಕೂಸುಗಳು? ಜ್ವರ ಬಂದರೆ ನಿಮಗೆ ತಿಳಿಸುವವರಾರು? ಮೊಲೆಯೂಡಲು ಮರೆಯುಂಟೇ? ಹೇಳದೆ ಕೇಳದೆ ಹೋದಾಗಲೂ ಒಳಬಿಡುವರೇ? ಇವನ್ನು ಕೇಳುವುದು ಉದ್ಧಟತನವಲ್ಲ. ಶಿಶುವಿಹಾರವು ಧಣಿಯ ದಾನವೂ ಅಲ್ಲ. ಅದು ದುಡಿಮೆಗೆ ಸಲ್ಲುವ ಸಂಬಳದ ಒಂದು ಭಾಗ. ಎಣಿಸಿ ತೆಗೆದುಕೊಳ್ಳಲು ನಾವು ಸಂಕೋಚಪಡಬೇಕಾಗಿಲ್ಲ.