ಮುತ್ತಜ್ಜನ ಹೆಸರೇ ಗೊತ್ತಿಲ್ಲವೇ? ಊರು ಹಿಡಿದು ಹೊರಡಿ

ಅಜ್ಜನಿಂದಾಚೆ ಒಂದು ಹೆಸರೂ ತಿಳಿಯದ ಮನೆಗಳು ನಮ್ಮಲ್ಲಿ ಎಷ್ಟೋ. ಹೆಸರಿಲ್ಲದೆ ಹುಡುಕುವುದೆಂತು ಎಂದು ಕೈಚೆಲ್ಲುವವರೇ ಹೆಚ್ಚು. ಆದರೆ ನಮ್ಮ ನಾಡಿನ ದಾಖಲೆಗಳು ಮನುಷ್ಯರಿಗಿಂತ ಊರು, ಹೊಲ, ಮನೆದೇವರನ್ನು ಹಿಡಿದು ಬೆಳೆದಂಥವು.

ತಪ್ಪು ಕಲ್ಪನೆ: ಹಳೆಯ ಜನಗಣತಿಯಲ್ಲಿ ಹಿರಿಯರ ಹೆಸರು ಸಿಗುತ್ತದೆ.
ಸತ್ಯ: ಇಂಗ್ಲೆಂಡಿನಲ್ಲಿ 1921ರ ಗಣತಿಯ ಹಾಳೆಗಳನ್ನು ನೂರು ವರ್ಷ ಕಳೆದ ಮೇಲೆ, 2022ರಲ್ಲಿ, ಜನರಿಗೆ ತೆರೆದಿಟ್ಟರು. ಇಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗೋಪ್ಯ. ನಮ್ಮ ಕೈಗೆ ಸಿಗುವುದು ಊರು, ಜಿಲ್ಲೆಗಳ ಅಂಕಿಗಳಷ್ಟೇ.

ತಪ್ಪು ಕಲ್ಪನೆ: ಹೆಸರು ಗೊತ್ತಿಲ್ಲದಿದ್ದರೆ ಕಚೇರಿಗೆ ಅಲೆದೂ ಫಲವಿಲ್ಲ.
ಸತ್ಯ: ಒಂದು ಸರ್ವೆ ನಂಬರ್ ಇದ್ದರೆ ಶುರು ಮಾಡಬಹುದು. ಖಾತೆದಾರ ತೀರಿಕೊಂಡು ಪೌತಿ ಖಾತೆಯಾದಾಗ ಸತ್ತವರ ಹೆಸರೂ ವಾರಸುದಾರರ ಹೆಸರೂ ಮ್ಯುಟೇಶನ್ ರಿಜಿಸ್ಟರಿನಲ್ಲಿ (ಎಂ.ಆರ್.) ಒಟ್ಟಿಗೇ ಬರುತ್ತವೆ. ಇಂದಿನ ಪಹಣಿಯಿಂದ ಒಂದೊಂದೇ ಎಂ.ಆರ್. ಹಿಡಿದು ಹಿಂದಕ್ಕೆ ಸಾಗಬೇಕು. ‘ಭೂಮಿ’ ಗಣಕೀಕರಣಕ್ಕೂ ಹಿಂದಿನ ಕೈಬರಹದ ಪುಸ್ತಕಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಹೈದರಾಬಾದ್ ಸೀಮೆಯವಾದರೆ ಉರ್ದು, ಮುಂಬೈ ಸೀಮೆಯವಾದರೆ ಮೋಡಿ ಲಿಪಿ ಓದುವವರು ಬೇಕಾದೀತು. ಗೇಣಿದಾರರ ಮನೆಯವರು 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಹಾಕಿದ ಫಾರಂ 7ರ ಕಡತ ಹುಡುಕಬೇಕು. ಕೂಲಿ ಮಾಡಿ ಬದುಕಿದವರಿಗೆ ಹಳ್ಳಿ ಶಾಲೆಯ ದಾಖಲಾತಿ ಪುಸ್ತಕವೇ ಆಧಾರ. ಅದರಲ್ಲಿನ ಅಪ್ಪನ ಹೆಸರನ್ನು ನಂಬಬಹುದು. ಹುಟ್ಟಿದ ತಾರೀಖು ಮಾತ್ರ ಎಷ್ಟೋ ಸಲ ಮೇಷ್ಟ್ರ ಅಂದಾಜು.

ತಪ್ಪು ಕಲ್ಪನೆ: ಹೆಳವರು ಹೇಳುವುದೆಲ್ಲ ಕಾಳಿಗಾಗಿ ಕಟ್ಟಿದ ಕತೆ.
ಸತ್ಯ: ಎತ್ತಿನ ಮೇಲೆ ಊರೂರು ತಿರುಗುತ್ತಿದ್ದ ಹೆಳವರು ಒಕ್ಕಲು ಮನೆತನಗಳ ವಂಶಾವಳಿ ಕಾಯ್ದುಕೊಂಡು ಬಂದವರು. ಮನೆತನ ಯಾವ ಊರಿಂದ ಬಂತು, ಬೆಡಗು (ಕುಲ) ಯಾವುದು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದು ಅವರ ಬಾಯಲ್ಲಷ್ಟೇ ಅಲ್ಲ, ಹಸ್ತಪ್ರತಿ, ತಾಮ್ರಪಟಗಳಲ್ಲೂ ಉಳಿದಿದೆ. ಆದರೆ ಮೂಲಪುರುಷನ ಸುತ್ತ ಹೊಗಳಿಕೆ, ಪುರಾಣ ಬೆಳೆದಿರುತ್ತವೆ. ಇತ್ತೀಚಿನ ತಲೆಮಾರುಗಳನ್ನು ಪಹಣಿಯೊಂದಿಗೆ ತಾಳೆ ನೋಡಿ. ಅದಕ್ಕೂ ಹಿಂದಿನದನ್ನು ಸುಳಿವೆಂದು ಮಾತ್ರ ಬರೆದಿಡಿ.

ತಪ್ಪು ಕಲ್ಪನೆ: ಅಡ್ಡಹೆಸರು ಒಂದಾದರೆ ವಂಶವೂ ಒಂದು.
ಸತ್ಯ: ಪಾಟೀಲ, ಕುಲಕರ್ಣಿ, ದೇಸಾಯಿ ಇವು ಹಿಂದಿನ ಹುದ್ದೆಗಳು. ಲಿಂಗಾಯತರಲ್ಲೂ ಜೈನರಲ್ಲೂ ಮುಸ್ಲಿಮರಲ್ಲೂ ಪಾಟೀಲರಿದ್ದಾರೆ. ಅದಕ್ಕಿಂತ ಹಳೆ ಮೈಸೂರಿನವರ ಇನಿಷಿಯಲ್ ಒಳ್ಳೆಯ ಸುಳಿವು: ಎರಡಕ್ಷರವಿದ್ದರೆ ಸಾಮಾನ್ಯವಾಗಿ ಮೊದಲನೆಯದು ಊರು, ಎರಡನೆಯದು ಅಪ್ಪ.

ತಪ್ಪು ಕಲ್ಪನೆ: ವಂಶವೆಂದರೆ ಅಪ್ಪನ ಕಡೆಯದು.
ಸತ್ಯ: ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ‘ಬರಿ’ ಎಂಬ ಕುಲ ತಾಯಿಯಿಂದ ಬರುತ್ತದೆ, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಅಲ್ಲಿನ ಹಳೆಯ ಕಾಗದದಲ್ಲಿ ಹಿಂದಿನ ಯಜಮಾನನನ್ನು ತಂದೆಯೆಂದು ಬಗೆದರೆ ಇಡೀ ವಂಶವೃಕ್ಷ ಅಡ್ಡದಾರಿ ಹಿಡಿಯುತ್ತದೆ.

ತಪ್ಪು ಕಲ್ಪನೆ: ಮನೆಯ ಹಿರಿಯರಿಗೂ ಏನೂ ನೆನಪಿಲ್ಲ.
ಸತ್ಯ: “ನಿಮ್ಮ ಅಜ್ಜನ ಹೆಸರೇನು” ಎಂದರೆ ತಲೆಯಾಡಿಸುವ ಅಜ್ಜಿಗೆ ಬೇರೆ ಪ್ರಶ್ನೆ ಕೇಳಿ. ಯಾವ ಜಾತ್ರೆಗೆ ಹೋಗುತ್ತಿದ್ದಿರಿ? ಮುಡಿ ಕೊಡುತ್ತಿದ್ದುದು ಯಾವ ದೇವರಿಗೆ? ಅತ್ತೆಯ ತವರು ಯಾವುದು? ಯಾರ ಮನೆಯಲ್ಲಿ ಸತ್ತರೆ ನಮಗೆ ಸೂತಕ? ಜಾತ್ರೆ, ಮುಡಿಗಳು ಮೂಲ ಊರಿನತ್ತ ಕೈತೋರುತ್ತವೆ. ಸೂತಕ ಹಿಡಿಯುವವರು ದಾಯಾದಿಗಳು. ನಿಮಗೆ ಗೊತ್ತಿಲ್ಲದ ಮುತ್ತಜ್ಜನ ಹೆಸರು ಅವರ ಮನೆಯ ಪೆಟ್ಟಿಗೆಯಲ್ಲಿ, ಯಾವುದೋ ಪಾಲುಪತ್ರದಲ್ಲಿ ಇದ್ದರೂ ಇದ್ದೀತು.