ಕಾಡಿಗೆ ಬರುವವರ ನಿರ್ವಹಣೆ: ತಪ್ಪು ಕಲ್ಪನೆಗಳು ಮತ್ತು ಸತ್ಯ

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಬರುವ ಜನರ ಓಡಾಟದ ಮೇಲೆ ನಿಗಾ ಇಡುವುದು, ಅದನ್ನು ಹದದಲ್ಲಿಡುವುದು ವನ್ಯಜೀವಿ ಸಂರಕ್ಷಣೆಯ ಮುಖ್ಯ ಕೆಲಸಗಳಲ್ಲೊಂದು. ಎಷ್ಟು ಜನ ಬಂದರು, ಎಲ್ಲಿ ಓಡಾಡಿದರು, ಯಾವ ಹೊತ್ತಿನಲ್ಲಿ, ಹೇಗೆ ನಡೆದುಕೊಂಡರು, ಅದರಿಂದ ನೆಲಕ್ಕೂ ಪ್ರಾಣಿಗಳಿಗೂ ಏನಾಯಿತು ಎಂಬ ಐದು ಪ್ರಶ್ನೆಗಳಿಗೂ ಉತ್ತರ ಬೇಕು. ಸಾರ್ವಜನಿಕ ಚರ್ಚೆ ಮಾತ್ರ ಬಹಳ ಸಲ ಮೊದಲ ಪ್ರಶ್ನೆಯಲ್ಲೇ ನಿಂತುಬಿಡುತ್ತದೆ. ಕೆಳಗಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಂದಲೇ.

ತಪ್ಪು ಕಲ್ಪನೆ 1: ಹಣ ಕೊಟ್ಟವರಿಗೆ ಕಾಡೊಳಗೆ ಹೋಗುವ ಹಕ್ಕಿದೆ.

ಸತ್ಯ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರವೇಶ ನಿರ್ಬಂಧವೇ ನಿಯಮ, ಅನುಮತಿ ಅದಕ್ಕೆ ವಿನಾಯಿತಿ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಇರುವವರು, ಅಲ್ಲಿನ ಸ್ಥಿರಾಸ್ತಿಯ ಮೇಲೆ ಹಕ್ಕಿರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರನ್ನು ಬಿಟ್ಟು ಉಳಿದವರು ಅನುಮತಿ ಪತ್ರವಿಲ್ಲದೆ ಒಳಹೋಗುವಂತಿಲ್ಲ ಎಂದು 27ನೇ ಸೆಕ್ಷನ್ ಹೇಳುತ್ತದೆ. ಸಂಶೋಧನೆ, ಛಾಯಾಗ್ರಹಣ, ಪ್ರವಾಸದಂಥ ಉದ್ದೇಶಗಳಿಗೆ ಅನುಮತಿ ಕೊಡಬಹುದು ಎನ್ನುವುದು 28ನೇ ಸೆಕ್ಷನ್. ಕೊಡಲೇಬೇಕು ಎಂದು ಎಲ್ಲಿಯೂ ಇಲ್ಲ. 2012ರ ಜುಲೈನಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ವಲಯದಲ್ಲಿ ಪ್ರವಾಸೋದ್ಯಮವನ್ನೇ ಸುಪ್ರೀಂ ಕೋರ್ಟ್ ತಾತ್ಕಾಲಿಕವಾಗಿ ನಿಲ್ಲಿಸಿತ್ತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿ ಹೊರಡಿಸಿದ ಮೇಲೆ, ಅಕ್ಟೋಬರ್‌ನಲ್ಲಿ ಆ ತಡೆ ತೆರವಾಯಿತು. ಕೋರ್ ವಲಯದ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸಬಾರದು, ಅಲ್ಲಿ ಪ್ರವಾಸಕ್ಕೆಂದು ಹೊಸ ಕಟ್ಟಡಗಳನ್ನು ಕಟ್ಟಬಾರದು ಎಂಬುದು ಆ ಮಾರ್ಗಸೂಚಿಯಲ್ಲಿದೆ.

ತಪ್ಪು ಕಲ್ಪನೆ 2: ಗೇಟಿನ ಟಿಕೆಟ್ ಲೆಕ್ಕವೇ ಸಂದರ್ಶಕರ ಲೆಕ್ಕ.

ಸತ್ಯ: ಬಂಡೀಪುರವನ್ನೇ ನೋಡಬಹುದು. ಅಲ್ಲಿ ಸಫಾರಿಗೆ ಬರುವವರಷ್ಟೇ ಅಲ್ಲ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಭಕ್ತರೂ ಇದ್ದಾರೆ, ವಯನಾಡು ಮತ್ತು ಊಟಿಯ ಕಡೆಗೆ ಹೆದ್ದಾರಿಯಲ್ಲಿ ಸಾಗುವವರೂ ಇದ್ದಾರೆ. ಸಫಾರಿ ಟಿಕೆಟ್ಟಿನ ಲೆಕ್ಕದಲ್ಲಿ ಇವರು ಯಾರೂ ಸಿಗುವುದಿಲ್ಲ. ಆದರೆ ಕಾಡಿನ ಮೇಲೆ ಇವರೆಲ್ಲರ ಪರಿಣಾಮವೂ ಇದೆ. ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂದದ್ದೇ ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದ ಕಾರಣಕ್ಕೆ.

ಒಳಗಿನ ಓಡಾಟ ತಿಳಿಯಲು ಕಾಲುದಾರಿಯ ಬದಿಯಲ್ಲಿ ಅತಿಗೆಂಪು ಕಿರಣದ ಎಣಿಕೆ ಯಂತ್ರ, ರಸ್ತೆಯಲ್ಲಿ ವಾಹನ ಎಣಿಸುವ ಸಂವೇದಕ, ಕ್ಯಾಮೆರಾ ಇವನ್ನೆಲ್ಲ ಬಳಸುತ್ತಾರೆ. ಯಂತ್ರದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಬ್ಬರು ಅಕ್ಕಪಕ್ಕ ನಡೆದರೆ ಅದು ಒಬ್ಬರೆಂದೇ ಎಣಿಸುತ್ತದೆ. ಜಿಂಕೆ ದಾಟಿದರೆ, ಗಾಳಿಗೆ ಕೊಂಬೆ ಅಲ್ಲಾಡಿದರೆ ಅದನ್ನೂ ಮನುಷ್ಯನ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಆಗಾಗ ಸಿಬ್ಬಂದಿಯೊಬ್ಬರು ಅಲ್ಲೇ ಕುಳಿತು ಕೆಲವು ಗಂಟೆ ಕೈಲೆಕ್ಕ ಹಾಕಬೇಕು. ಯಂತ್ರ 80 ತೋರಿಸಿದ ಹೊತ್ತಿನಲ್ಲಿ ನಿಜವಾಗಿ ಹೋದವರು 100 ಮಂದಿಯಾದರೆ, ಆ ಜಾಗದ ಯಂತ್ರದ ಅಂಕಿಯನ್ನು 1.25ರಿಂದ ಗುಣಿಸಬೇಕಾಗುತ್ತದೆ.

ತಪ್ಪು ಕಲ್ಪನೆ 3: ಪ್ರತಿ ಕಾಡಿಗೂ ತಾಳಿಕೊಳ್ಳಬಲ್ಲ ಜನರ ಸಂಖ್ಯೆಯೊಂದು ನಿಗದಿಯಾಗಿಯೇ ಇರುತ್ತದೆ, ವಿಜ್ಞಾನಿಗಳು ಅದನ್ನು ಕಂಡುಹಿಡಿದರೆ ಸಾಕು.

ಸತ್ಯ: ತಾಳಿಕೊಳ್ಳಬಲ್ಲ ಈ ಸಂಖ್ಯೆ, ಅಂದರೆ ಧಾರಣಾ ಸಾಮರ್ಥ್ಯ ಎನ್ನುವುದು ಲೆಕ್ಕದ ಜೊತೆಗೆ ತೀರ್ಮಾನವೂ ಹೌದು. ಹುಲಿ ಪ್ರಾಧಿಕಾರದ ಸೂತ್ರ ಮೂರು ಹಂತದ್ದು. ಪ್ರವಾಸಿ ರಸ್ತೆಯ ಉದ್ದ, ವಾಹನಗಳ ನಡುವೆ ಇರಬೇಕಾದ ಅಂತರ, ಕಾಡು ತೆರೆದಿರುವ ಅವಧಿ ಇವುಗಳಿಂದ ಮೊದಲ ಅಂಕಿ ಬರುತ್ತದೆ. ದೂಳು, ಮಣ್ಣಿನ ಸವಕಳಿ, ಪ್ರಾಣಿಗಳಿಗಾಗುವ ತೊಂದರೆ, ಕೆಲಕಾಲ ಮುಚ್ಚುವ ದಾರಿಗಳು ಇವುಗಳಿಗಾಗಿ ಅದನ್ನು ತಗ್ಗಿಸಿದರೆ ಎರಡನೆಯದು. ಇಲಾಖೆಯ ಸಿಬ್ಬಂದಿ, ಸೌಲಭ್ಯ ಎಷ್ಟಿದೆ ಎಂದು ನೋಡಿ ಇನ್ನಷ್ಟು ತಗ್ಗಿಸಿದರೆ ಕೊನೆಯದು. ದೂಳು ಎಷ್ಟರವರೆಗೆ ಸರಿ, ಅಂತರ ಎಷ್ಟಿರಬೇಕು ಎಂಬುದನ್ನು ಜನರೇ ಗೊತ್ತುಮಾಡಬೇಕು. ಒಂದು ಅಂಶ ಬದಲಾದರೂ ಉತ್ತರ ಬದಲಾಗುತ್ತದೆ.

ಇದೇ ಕಾರಣಕ್ಕೆ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು 1985ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಎಷ್ಟು ಜನ ಬಂದರೆ ಹೆಚ್ಚಾಯಿತು ಎಂದು ಕೇಳುವ ಬದಲು, ಎಷ್ಟು ಬದಲಾವಣೆಯಾದರೆ ಒಪ್ಪಬಹುದು ಎಂದು ಕೇಳಿದರು. ಮೊಂಟಾನಾದ ಬಾಬ್ ಮಾರ್ಷಲ್ ಕಾಡಿನಲ್ಲಿ ಆ ಕ್ರಮ ಜಾರಿಗೆ ಬಂತು. ಬಿಡಾರ ಹೂಡುವ ಜಾಗದಲ್ಲಿ ಬೋಳಾದ ನೆಲದ ವಿಸ್ತೀರ್ಣ, ದಿನಕ್ಕೆ ಎದುರಾಗುವ ಇತರ ಗುಂಪುಗಳ ಸಂಖ್ಯೆ ಇಂಥ ಅಳೆಯಬಹುದಾದ ಸೂಚಕಗಳಿಗೆ ಮಿತಿ ಗೊತ್ತುಮಾಡುತ್ತಾರೆ. ಮಿತಿ ದಾಟಿದ ಕಡೆ ಕ್ರಮ ಕೈಗೊಳ್ಳುತ್ತಾರೆ.

ತಪ್ಪು ಕಲ್ಪನೆ 4: ಜನರನ್ನು ಅರ್ಧಕ್ಕಿಳಿಸಿದರೆ ಹಾನಿಯೂ ಅರ್ಧಕ್ಕಿಳಿಯುತ್ತದೆ, ಬೇರೆ ಬೇರೆ ದಾರಿಗೆ ಚದುರಿಸಿದರೆ ಇನ್ನೂ ಒಳ್ಳೆಯದು.

ಸತ್ಯ: ಜನಸಂಖ್ಯೆ ಏರಿದಷ್ಟೇ ಸಮನಾಗಿ ಹಾನಿ ಏರುವುದಿಲ್ಲ. ಯಾರೂ ತುಳಿಯದ ಹುಲ್ಲು, ಸಸಿಗಳ ಮೇಲೆ ಮೊದಮೊದಲು ಬೀಳುವ ಹೆಜ್ಜೆಗಳಿಂದಲೇ ಹೆಚ್ಚಿನ ಹಾನಿ ಆಗಿಹೋಗುತ್ತದೆ. ಆಗಲೇ ಗಟ್ಟಿಯಾದ ದಾರಿಯಲ್ಲಿ ಇನ್ನೂ ನೂರು ಜನ ನಡೆದರೆ ಹೊಸದಾಗಿ ಹಾಳಾಗುವುದು ಕಡಿಮೆ. ಜನರನ್ನು ಹೊಸ ದಾರಿಗಳಿಗೆ ಚದುರಿಸಿದರೆ ಹಾನಿಯೂ ಹೊಸ ಜಾಗಗಳಿಗೆ ಹರಡುತ್ತದೆ.

ಪಶ್ಚಿಮ ಘಟ್ಟದ ಹುಲ್ಲುಗಾವಲಿನ ದಾರಿಗಳಲ್ಲಿ ಮಳೆಗಾಲದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನಡುದಾರಿ ಕೆಸರಾದಾಗ ಚಾರಣಿಗರು ಬೂಟು ಕೊಳೆಯಾಗದಿರಲೆಂದು ಅಂಚಿನ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಅಂಚೂ ಕೆಸರಾಗುತ್ತದೆ, ಮುಂದಿನವರು ಇನ್ನೂ ಆಚೆಗೆ ಸರಿಯುತ್ತಾರೆ. ಬೇರು ಸತ್ತ ಮಣ್ಣನ್ನು ನೀರು ಕೊಚ್ಚಿಕೊಂಡು ಹೋಗಿ, ಒಂದಾಳಿನ ದಾರಿ ಅಗಲವಾದ ಕೊರಕಲಾಗುತ್ತದೆ. ಇಲ್ಲಿ ಸಂಖ್ಯೆ ಇಳಿಸುವುದಕ್ಕಿಂತ ನೀರು ಹರಿದುಹೋಗಲು ಅಡ್ಡಗಾಲುವೆ ತೆಗೆಯುವುದು, ಜಾರುವ ಕಡೆ ಕಲ್ಲು ಹಾಸುವುದು, ಜೋರು ಮಳೆಯ ತಿಂಗಳುಗಳಲ್ಲಿ ದಾರಿ ಮುಚ್ಚುವುದು ಹೆಚ್ಚು ಫಲ ಕೊಡುತ್ತದೆ.

ತಪ್ಪು ಕಲ್ಪನೆ 5: ಪ್ರಾಣಿ ಓಡಿಹೋಗಲಿಲ್ಲ ಎಂದರೆ ಅದಕ್ಕೆ ತೊಂದರೆಯಾಗಿಲ್ಲ.

ಸತ್ಯ: ಜೀಪುಗಳ ನಡುವೆಯೇ ನೆಮ್ಮದಿಯಾಗಿ ಮಲಗಿದಂತೆ ಕಾಣುವ ಹುಲಿಯ ದೇಹದೊಳಗಿನ ಸ್ಥಿತಿ ಬೇರೆಯೇ ಇರಬಹುದು. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕಾನ್ಹಾ ಮತ್ತು ಬಾಂಧವಗಢದ ಹುಲಿಗಳ ಮಲವನ್ನು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಪ್ರವಾಸವಿಲ್ಲದ ಅವಧಿಗಿಂತ ಪ್ರವಾಸದ ಅವಧಿಯಲ್ಲಿ ಒತ್ತಡದ ಹಾರ್ಮೋನಿನ ಅಂಶ ಹೆಚ್ಚಿತ್ತು. ಇಂಥ ಒತ್ತಡ ಬಹುಕಾಲ ಉಳಿದರೆ ಸಂತಾನೋತ್ಪತ್ತಿಗೂ ರೋಗನಿರೋಧಕ ಶಕ್ತಿಗೂ ಪೆಟ್ಟು. ಪ್ರಾಣಿಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಒಂದೇ ಕಡೆ ವಾಹನಗಳು ಮುತ್ತಿಕೊಳ್ಳಬಾರದು ಎಂಬ ನಿಯಮಗಳು ಇರುವುದು ಇದಕ್ಕೇ.

ತಪ್ಪು ಕಲ್ಪನೆ 6: ನಿರ್ವಹಣೆ ಎಂದರೆ ಜನಸಾಮಾನ್ಯರಿಗೆ ಬಾಗಿಲು ಮುಚ್ಚುವುದು.

ಸತ್ಯ: ನಿರ್ವಹಣೆ ಇಲ್ಲದಿದ್ದಾಗಲೇ ಬಾಗಿಲು ಏಕಾಏಕಿ ಮುಚ್ಚಬೇಕಾಗುತ್ತದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಗೇ ನುಗ್ಗಿದರು. ಅದರ ಬೆನ್ನಿಗೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾರಣದ ಬುಕಿಂಗ್‌ಗೆ ಅರಣ್ಯ ವಿಹಾರ ಜಾಲತಾಣ ಬಂತು. ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿಯೊಂದಿಗೆ ಚಾರಣ ಮತ್ತೆ ತೆರೆಯಿತು.

ಸಂಖ್ಯೆ ಮುಟ್ಟದೆಯೂ ಒತ್ತಡ ಇಳಿಸಬಹುದು. ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲೇ ಖಾಸಗಿ ವಾಹನ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೇಲೆ ಹೋಗುವ ವ್ಯವಸ್ಥೆಯಿಂದ ದೇವರ ದರ್ಶನಕ್ಕೆ ಅಡ್ಡಿಯಾಗಿಲ್ಲ, ಘಾಟಿಯಲ್ಲಿ ಕಾರುಗಳ ಸಾಲು ತಪ್ಪಿದೆ. ಅಮೆರಿಕದ ಜೈಯನ್ ರಾಷ್ಟ್ರೀಯ ಉದ್ಯಾನವೂ 2000ದಿಂದ ಇಂಥದ್ದೇ ಬಸ್ ವ್ಯವಸ್ಥೆ ನಡೆಸುತ್ತಿದೆ.

ತಪ್ಪು ಕಲ್ಪನೆ 7: ಮಿತಿ ಹಾಕಿದರೆ ಕೆಲಸ ಮುಗಿಯಿತು.

ಸತ್ಯ: ಮಿತಿ ಒಂದು ಅಂದಾಜು, ಸರಿಯಿದೆಯೇ ಎಂದು ಅಳೆದೇ ತಿಳಿಯಬೇಕು. ದಿನಕ್ಕೆ 300 ಎಂಬ ಮಿತಿಯೊಳಗೇ ಎಲ್ಲರೂ ಮುಂಜಾನೆ ಒಟ್ಟಿಗೆ ಹೊರಟರೆ ದಟ್ಟಣೆ ಹಾಗೆಯೇ ಉಳಿಯುತ್ತದೆ. ಒಂದು ದಾರಿಗೆ ಮಿತಿ ಬಿದ್ದರೆ ಜನ ಮಿತಿಯಿಲ್ಲದ ಪಕ್ಕದ ಬೆಟ್ಟಕ್ಕೆ ತಿರುಗಬಹುದು. ಅದಕ್ಕಾಗಿ ದಾರಿಯ ಅಗಲ, ಕಸದ ಪ್ರಮಾಣ, ಪ್ರಾಣಿಗಳ ಓಡಾಟವನ್ನು ಅದದೇ ಜಾಗಗಳಲ್ಲಿ, ಅದದೇ ಕ್ರಮದಲ್ಲಿ ವರ್ಷವರ್ಷವೂ ದಾಖಲಿಸಬೇಕು. ಸ್ಥಿತಿ ಕೆಟ್ಟರೆ ಮಿತಿ ಬಿಗಿಯಾಗಬೇಕು, ಸುಧಾರಿಸಿದರೆ ಸಡಿಲವಾಗಬಹುದು. ಈ ದಾಖಲೆ ಸಾರ್ವಜನಿಕರ ಮುಂದಿದ್ದರೆ ಯಾವ ನಿರ್ಬಂಧ ಏಕೆ ಬಂತು ಎಂಬುದು ಚಾರಣಿಗರಿಗೂ ಕಾಡಂಚಿನ ಊರಿನವರಿಗೂ ಅರ್ಥವಾಗುತ್ತದೆ, ನಿಯಮ ಪಾಲನೆಯೂ ಸುಲಭವಾಗುತ್ತದೆ.